ಎಂಜಿನ್ನಿನಿಂದ ಚಕ್ರದವರೆಗೆ: ವಿಜಯನಗರದಲ್ಲೊಂದು ಸುತ್ತು

ವಿಜಯನಗರವೆಂದರೆ ಮೊದಲು ನೆನಪಾಗುವುದು ಹಂಪೆ. ಅಲ್ಲಿನ ವಿಠ್ಠಲ ದೇವಾಲಯದ ಅಂಗಳದಲ್ಲಿ ನಿಂತ ಕಲ್ಲಿನ ರಥ. ಆ ರಥದ ಚಕ್ರಗಳು ಇಂದು ತಿರುಗುವುದಿಲ್ಲ. ಮೈಸೂರಿನಲ್ಲೂ ಒಂದು ವಿಜಯನಗರವಿದೆ. ಇಲ್ಲಿ ನೋಡಲು ರಥವಿಲ್ಲ. ಆದರೆ ಈ ಬಡಾವಣೆಯ ಸುತ್ತಮುತ್ತ ತಿರುಗುವ ಚಕ್ರಗಳದೇ ಒಂದು ಲೋಕವಿದೆ. ಮಕ್ಕಳೊಡನೆ ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ ನೋಡಿ ಹಿಂತಿರುಗುವವರು ಒಂದು ದಿನವನ್ನು ಈ ಲೋಕಕ್ಕೂ ಮೀಸಲಿಡಬಹುದು.

ನಗರದ ಪಶ್ಚಿಮಕ್ಕೆ, ಹುಣಸೂರು ರಸ್ತೆ ಮತ್ತು ಕೆ.ಆರ್.ಎಸ್. ರಸ್ತೆಗಳ ನಡುವೆ ವಿಜಯನಗರ ಹರಡಿಕೊಂಡಿದೆ. ಒಂದರಿಂದ ನಾಲ್ಕರವರೆಗೆ ಹಂತಗಳು. ನೇರವಾದ ಅಡ್ಡರಸ್ತೆಗಳು, ಮನೆಯ ಮುಂದೆ ಒಂದಿಷ್ಟು ಹೂದೋಟ, ಕಾಂಪೌಂಡಿನೊಳಗೆ ಒಂದೆರಡು ತೆಂಗು. ದಾರಿ ಕೇಳಿದವರಿಗೆ ನೀರಿನ ಟ್ಯಾಂಕೇ ಗುರುತು. ಮೊದಲನೆಯ ಹಂತದ ಯೋಗಾನರಸಿಂಹಸ್ವಾಮಿ ದೇವಾಲಯಕ್ಕೆ ಹೊಸ ವರ್ಷದ ಮೊದಲ ದಿನ ಲಾಡು ಪ್ರಸಾದಕ್ಕೆಂದು ಊರೇ ಸಾಲು ನಿಲ್ಲುತ್ತದೆ. ಉತ್ತರಕ್ಕೆ ಹೆಬ್ಬಾಳ ಕೈಗಾರಿಕಾ ಪ್ರದೇಶ. ಪಶ್ಚಿಮಕ್ಕೆ ಹಿನಕಲ್, ಅದರಾಚೆ ಹೂಟಗಳ್ಳಿ. ಪೂರ್ವಕ್ಕೆ ಯಾದವಗಿರಿ. ಒಂದು ಕಡೆ ನಗರ, ಒಂದು ಕಡೆ ಕಾರ್ಖಾನೆ, ಇನ್ನೊಂದು ಕಡೆ ಹಳ್ಳಿಗಳ ದಾರಿ. ಈ ಮೂರೂ ಕೂಡುವ ವರ್ತುಲ ರಸ್ತೆಯ ಆಸುಪಾಸಿನಲ್ಲೇ ತಗಡಿನ ಮಾಡಿನ ರಿಪೇರಿ ಷೆಡ್ಡುಗಳು ಕಾಣಸಿಗುತ್ತವೆ. ಲಾರಿ, ಟ್ರ್ಯಾಕ್ಟರ್ ಮತ್ತು ತೋಟ-ಗದ್ದೆಗಳ ಪುಟ್ಟ ಟ್ರ್ಯಾಕ್ಟರ್ ಎನ್ನಬಹುದಾದ ಪವರ್ ಟಿಲ್ಲರ್ ಇಂಥ ಕಡೆಯೇ ಬಂದು ನಿಲ್ಲುವುದು.

ಎರಡು ಚಕ್ರದ ಎತ್ತು

ಟಿಲ್ಲರ್ ಕರ್ನಾಟಕಕ್ಕೆ ಹೊಸದಲ್ಲ. ಜಪಾನಿನ ಮಿತ್ಸುಬಿಷಿಯ ಸಹಯೋಗದೊಡನೆ ಬೆಂಗಳೂರಿನ ವಿ.ಎಸ್.ಟಿ. ಟಿಲ್ಲರ್ಸ್ ಸಂಸ್ಥೆ ಆರಂಭವಾದದ್ದು 1967ರಲ್ಲಿ. ದೊಡ್ಡ ಟ್ರ್ಯಾಕ್ಟರ್ ತಿರುಗಲಾರದ ಅಡಕೆ ತೋಟದ ಸಾಲಿನಲ್ಲಿ, ಹೂತುಹೋಗುವ ಕೆಸರು ಗದ್ದೆಯಲ್ಲಿ ಈ ಎರಡು ಚಕ್ರದ ಯಂತ್ರ ಎತ್ತಿನ ಜಾಗಕ್ಕೆ ಬಂತು. ರೈತ ಹಿಂದಿನಿಂದ ಹಿಡಿಕೆ ಹಿಡಿದು ನಡೆಯಬೇಕು. ಮುಂದೆ ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ ಬಡಿದುಕೊಳ್ಳುತ್ತಿರುತ್ತದೆ. 2014-15ರಲ್ಲಿ ರಾಜ್ಯದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು ಆರಂಭವಾದ ಮೇಲೆ ಯಂತ್ರ ಕೊಳ್ಳಲಾಗದವರೂ ಬಾಡಿಗೆಗೆ ತಂದು ಉಳುವುದು ಸಾಧ್ಯವಾಯಿತು.

ಎಂಜಿನ್ ಕೆಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ. ಹೊಗೆ ಬರುತ್ತದೆ, ಇಲ್ಲವೇ ಸ್ಟಾರ್ಟ್ ಆಗುವುದಿಲ್ಲ. ಎಂಜಿನ್ನಿನ ಶಕ್ತಿ ಚಕ್ರಕ್ಕೆ ತಲುಪುವ ದಾರಿ ಸವೆಯುವುದು ಮಾತ್ರ ಬಹಳ ಕಾಲ ಕಾಣುವುದಿಲ್ಲ. ಈ ದಾರಿಯಲ್ಲಿ ಮೊದಲು ಬರುವುದು ವಿ-ಬೆಲ್ಟುಗಳು. ಆಮೇಲೆ ಕ್ಲಚ್, ಅದರಾಚೆ ಗೇರ್‌ಬಾಕ್ಸ್. ಅಲ್ಲಿಂದ ಎಡಕ್ಕೂ ಬಲಕ್ಕೂ ಒಂದೊಂದು ಆಕ್ಸಲ್, ಅದರ ತುದಿಗೆ ಹಬ್ಬು, ಹಬ್ಬಿಗೆ ಚಕ್ರ. ಹಿಂದೆ ಮಣ್ಣು ಕಲಸುವ ರೋಟರಿಗೆ ಬೇರೆಯೇ ಕವಲು. ಅನೇಕ ಟಿಲ್ಲರುಗಳಲ್ಲಿ ಅದನ್ನು ತಿರುಗಿಸುವುದು ಒಂದು ಸರಪಳಿ.

ಪಿಯುಸಿ ಭೌತಶಾಸ್ತ್ರ ಓದಿದವರು ಇಲ್ಲಿ ಒಂದು ಲೆಕ್ಕ ಮಾಡಬಹುದು. 13 ಅಶ್ವಶಕ್ತಿಯ ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುತ್ತಿದೆ ಎನ್ನೋಣ. ಅದರ ತಿರುಚುಬಲ, ಅಂದರೆ ಟಾರ್ಕ್, ಸುಮಾರು 38 ನ್ಯೂಟನ್-ಮೀಟರ್. ಒಂದು ಮೀಟರ್ ಉದ್ದದ ಕೋಲಿನ ತುದಿಗೆ 4 ಕೆ.ಜಿ.ಯಷ್ಟು ತೂಗುಬಿಟ್ಟಂತೆ. ಇಷ್ಟರಿಂದ ಕೆಸರು ಗದ್ದೆ ಉಳಲಾಗದು. ಗೇರುಗಳು ವೇಗವನ್ನು ನೂರು ಪಾಲು ತಗ್ಗಿಸಿ ಚಕ್ರವನ್ನು ನಿಮಿಷಕ್ಕೆ 24 ಸುತ್ತಿಗೆ ಇಳಿಸಿದರೆ, ಘರ್ಷಣೆಯ ನಷ್ಟ ಬಿಟ್ಟು, ಟಾರ್ಕ್ ಹೆಚ್ಚುಕಡಿಮೆ ನೂರು ಪಾಲು ಏರುತ್ತದೆ. ಅದೇ ಕೋಲಿನ ತುದಿಗೆ ಈಗ ಸುಮಾರು 400 ಕೆ.ಜಿ. ತೂಗುಬಿಟ್ಟ ಲೆಕ್ಕ. ಎಂಜಿನ್ ಕಡೆಯ ಶಾಫ್ಟ್ ತೆಳ್ಳಗೆ, ಚಕ್ರದ ಕಡೆಯ ಶಾಫ್ಟ್ ದಪ್ಪಗೆ ಇರುವುದೇಕೆಂಬುದಕ್ಕೆ ಇದೇ ಉತ್ತರ. ಚಕ್ರದ ಬಳಿಯ ಒಂದು ಪಿನ್ನು ಸಡಿಲವಾದರೆ ಅದರ ಮೇಲೆ ಬೀಳುವ ಪೆಟ್ಟು ಎಷ್ಟೆಂಬುದೂ ಇದರಿಂದ ತಿಳಿಯುತ್ತದೆ.

‘ಠಕ್’ ಎನ್ನುವ ಸದ್ದು

ಷೆಡ್ಡಿನಲ್ಲಿ ನಡೆಯುವ ಕೆಲಸಕ್ಕೆ ಒಂದು ಉದಾಹರಣೆ ನೋಡಬಹುದು. ಜುಲೈ ತಿಂಗಳು. ಕೆ.ಆರ್. ನಗರದ ಕಡೆಯ ನಾಲೆ ಬಯಲಿನಿಂದ ಗೂಡ್ಸ್ ಗಾಡಿಯಲ್ಲಿ ಟಿಲ್ಲರೊಂದು ಬಂದಿದೆ. ಜೊತೆಗೆ ವಯಸ್ಸಾದ ರೈತರು, ಅವರ ಪಿಯುಸಿ ಓದುವ ಮೊಮ್ಮಗ. ನಾಲೆಗೆ ನೀರು ಬಿಟ್ಟಾಗಿದೆ. ಒಟ್ಟಲಲ್ಲಿ ಪೈರು ನಾಟಿಗೆ ಸಿದ್ಧವಾಗಿದೆ. ಗದ್ದೆ ಕಲಸುವುದು ತಡವಾದರೆ ಪೈರಿಗೆ ವಯಸ್ಸಾಗುತ್ತದೆ. ವಯಸ್ಸಾದ ಪೈರು ತೆಂಡೆ ಹೊಡೆಯುವುದು ಕಡಿಮೆ. ಷೆಡ್ಡಿನಲ್ಲಿ ಕಳೆಯುವ ಒಂದೊಂದು ದಿನದ ನಷ್ಟವೂ ಸುಗ್ಗಿಯಲ್ಲಿ ಕಾಣುತ್ತದೆ.

“ಕ್ಲಚ್ ಬುಟ್ರೆ ಎಗರ್ತದೆ ಕಣಪ್ಪ ಮೇಸ್ತ್ರಿ. ಒಳಗೆ ಠಕ್ ಅಂತದೆ. ಗೇರ್‌ಬಾಕ್ಸೇ ಹೋಯ್ತು ಅಂತಾರೆ ನಮ್ಮೂರ್ನೋರು,” ಎಂದು ರೈತರು ಆತಂಕ ತೋಡಿಕೊಂಡರು. ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿದರೆ ಹಣವೂ ಹೋಗುತ್ತದೆ, ವಾರವೂ ಹೋಗುತ್ತದೆ.

“ಬಿಚ್ಚೋದು ಇದ್ದದ್ದೇ ಯಜಮಾನ್ರೇ. ಮೊದ್ಲು ಪ್ಲೇ ಎಲ್ಲದೆ ಅಂತ ನೋಡ್ಬುಡುವ,” ಎಂದರು ಮೇಸ್ತ್ರಿ.

ಎರಡು ಭಾಗಗಳ ನಡುವಿನ ಸಡಿಲಕ್ಕೆ ಷೆಡ್ಡಿನವರ ಮಾತು ‘ಪ್ಲೇ’. ಹೊಸ ಯಂತ್ರಕ್ಕೂ ಅದು ಸ್ವಲ್ಪ ಬೇಕು. ಹಲ್ಲುಗಳ ನಡುವೆ ಎಣ್ಣೆಯ ಪೊರೆ ನಿಲ್ಲಲು, ಬಿಸಿಯಾದ ಲೋಹ ಹಿಗ್ಗಲು ಕೂದಲೆಳೆಯಷ್ಟು ಜಾಗ ಬಿಟ್ಟೇ ಗೇರುಗಳನ್ನು ಕೂಡಿಸಿರುತ್ತಾರೆ. ಆ ಜಾಗ ಮಿತಿ ಮೀರಿ ಬೆಳೆದಾಗ ಒಂದು ಹಲ್ಲು ಇನ್ನೊಂದನ್ನು ತಳ್ಳುವ ಬದಲು ಹೊಡೆಯಲಾರಂಭಿಸುತ್ತದೆ. ‘ಠಕ್’ ಎನ್ನುವುದು ಆ ಹೊಡೆತದ ಸದ್ದು.

ಮೊದಲು ಎಂಜಿನ್ ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಬೆಲ್ಟಿನ ಮುಚ್ಚಳ ತೆಗೆದದ್ದಾಯಿತು. ವಿ-ಬೆಲ್ಟ್ ಹಿಡಿಯುವುದು ಪುಲ್ಲಿಯ ಗಾಡಿಯ ಎರಡು ಪಕ್ಕಗಳನ್ನು, ತಳವನ್ನಲ್ಲ. ಗಾಡಿಯ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ಸವೆದು ಕೆಳಗೆ ಕೂತು ಜಾರುತ್ತಿದೆ ಎಂದರ್ಥ. ಜಾರುವ ಬೆಲ್ಟಿನಿಂದ ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ಇಲ್ಲಿ ತಳ ಮಂಕಾಗಿಯೇ ಇತ್ತು, ಬೆಲ್ಟುಗಳು ಸರಿಯಿದ್ದವು. ಒಂದು ವೇಳೆ ಬದಲಿಸುವುದಿದ್ದರೆ ಎಲ್ಲವನ್ನೂ ಒಟ್ಟಿಗೇ ಬದಲಿಸಬೇಕು. ಹಿಗ್ಗಿದ ಹಳೆಯ ಬೆಲ್ಟುಗಳ ನಡುವೆ ಹೊಸದೊಂದನ್ನು ಹಾಕಿದರೆ ಇಡೀ ಭಾರ ಅದರ ಮೇಲೇ ಬಿದ್ದು ಅದು ಬೇಗ ಸಾಯುತ್ತದೆ.

ಸೀಮೆಸುಣ್ಣದ ಗೆರೆಗಳು

ಮುಂದಿನ ಪರೀಕ್ಷೆಗೆ ಬೇಕಾದದ್ದು ಒಂದು ಸೀಮೆಸುಣ್ಣ ಮಾತ್ರ. ಬೆಲ್ಟುಗಳನ್ನು ಕಳಚಿ, ಕ್ಲಚ್ಚನ್ನು ಹಿಡಿದ ಸ್ಥಿತಿಯಲ್ಲೇ ಇಟ್ಟು, ಎರಡೂ ಚಕ್ರಗಳು ಅಲುಗಾಡದಂತೆ ಹಿಂದೆ ಮುಂದೆ ಕಲ್ಲು ಕೊಟ್ಟರು. ಎಡ ಹಿಡಿಕೆಯ ಸ್ಟಿಯರಿಂಗ್ ಸನ್ನೆಯನ್ನು ಅದುಮಿ ಹಿಡಿದರೆ ಎಡ ಚಕ್ರಕ್ಕೆ ಹೋಗುವ ಕೊಂಡಿ ಬಿಡುತ್ತದೆ. ಆಗ ಗೇರ್‌ಬಾಕ್ಸಿಗೆ ಅಂಟಿಕೊಂಡಿರುವುದು ಬಲ ಚಕ್ರ ಮಾತ್ರ. ಹೀಗೆ ಒಂದೊಂದೇ ಬದಿಯನ್ನು ಪರೀಕ್ಷಿಸಬಹುದು. ಕ್ಲಚ್ ಪುಲ್ಲಿಯನ್ನು ಕೈಯಿಂದ ಒಂದು ಕಡೆಗೆ, ತಡೆಯುವವರೆಗೆ ತಿರುಗಿಸಿ ಗೆರೆ ಎಳೆದರು. ಇನ್ನೊಂದು ಕಡೆಗೆ ತಿರುಗಿಸಿ, ತಡೆದಲ್ಲಿ ಮತ್ತೊಂದು ಗೆರೆ. ಎರಡು ಗೆರೆಗಳ ನಡುವಿನ ಕೋನವೇ ಒಟ್ಟು ಸಡಿಲ. ಮೊಮ್ಮಗ ಕಾಲೇಜಿನ ಚೀಲದಿಂದ ಕೋನಮಾಪಕ ತೆಗೆದು ಅಳೆದ.

ಬಲ ಬದಿಯಲ್ಲಿ ಕೆಳಗಿನ ಗೇರಿನಲ್ಲಿ ಸುಮಾರು 200 ಡಿಗ್ರಿ, ಮೇಲಿನ ಗೇರಿನಲ್ಲಿ 40. ಎಡ ಬದಿಯಲ್ಲಿ ಕೆಳಗಿನ ಗೇರಿನಲ್ಲಿ 80, ಮೇಲಿನ ಗೇರಿನಲ್ಲಿ 16.

ಪುಲ್ಲಿ ಅರ್ಧ ಸುತ್ತಿಗೂ ಮಿಕ್ಕಿ ಸುಮ್ಮನೆ ತಿರುಗುವುದನ್ನು ನೋಡಿ ರೈತರು ತಲೆಗೆ ಕೈ ಹಚ್ಚಿದರು. ಮೇಸ್ತ್ರಿಯ ಮುಖದಲ್ಲಿ ಮಾತ್ರ ನೆಮ್ಮದಿ ಕಂಡಿತು. “ಲೋ ಗೇರಲ್ಲಿ ಜಾಸ್ತಿ, ಹೈ ಗೇರಲ್ಲಿ ಕಮ್ಮಿ. ಅಲ್ಲಿಗೆ ರೋಗ ಹಿಂದ್ಗಡೆ ಅದೆ. ಅದೂ ಬಲಗಡೆ.”

ಅನುಭವದಿಂದ ಬಂದ ಈ ಮಾತಿನ ಹಿಂದಿರುವುದು ಹೈಸ್ಕೂಲಿನ ಅನುಪಾತ. ಕೆಳಗಿನ ಗೇರಿನಲ್ಲಿ ಪುಲ್ಲಿ 100 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಹಾಗಾಗಿ ಚಕ್ರದ ಬಳಿಯ ಒಂದು ಡಿಗ್ರಿ ಸಡಿಲ ಪುಲ್ಲಿಯ ಬಳಿ 100 ಡಿಗ್ರಿಯಾಗಿ ತೋರುತ್ತದೆ. 20 ಸುತ್ತಿಗೆ ಒಂದು ಸುತ್ತಾಗುವ ಮೇಲಿನ ಗೇರಿನಲ್ಲಿ ಅದೇ ಸಡಿಲ 20 ಡಿಗ್ರಿಯಾಗಿ ತೋರುತ್ತದೆ. ಸಡಿಲವಿರುವುದು ಕ್ಲಚ್ ಕಡೆಯ ಶಾಫ್ಟಿನಲ್ಲಾದರೆ ಈ ಗುಣಾಕಾರಕ್ಕೆ ಅವಕಾಶವಿಲ್ಲ. ಯಾವ ಗೇರಿನಲ್ಲಿ ಅಳೆದರೂ ಒಂದೇ ಕೋನ. ಇನ್ನು ಎಡಬದಿಗೂ ಬಲಬದಿಗೂ ವ್ಯತ್ಯಾಸವಿದ್ದರೆ ತಪ್ಪಿರುವುದು ದಾರಿ ಎರಡಾಗಿ ಕವಲೊಡೆದ ನಂತರವೇ. ಒಂದು ನಟ್ಟನ್ನೂ ಬಿಚ್ಚದೆ, ಒಳಗಿರುವ ಹತ್ತಾರು ಭಾಗಗಳಲ್ಲಿ ಹೆಚ್ಚಿನವನ್ನು ಸಂಶಯದ ಪಟ್ಟಿಯಿಂದ ತೆಗೆದುಹಾಕಿದಂತಾಯಿತು.

ಮೊಮ್ಮಗ ಕಾಗದದ ಮೇಲೆ ಲೆಕ್ಕ ಹಾಕಿದ. ಕೆಳಗಿನ ಗೇರಿನಲ್ಲಿ ಎರಡು ಬದಿಗಳ ವ್ಯತ್ಯಾಸ 120 ಡಿಗ್ರಿ. ನೂರರಿಂದ ಭಾಗಿಸಿದರೆ ಚಕ್ರದ ಬಳಿ 1.2 ಡಿಗ್ರಿ. ಮೇಲಿನ ಗೇರಿನಲ್ಲಿ ವ್ಯತ್ಯಾಸ 24; ಇಪ್ಪತ್ತರಿಂದ ಭಾಗಿಸಿದರೆ ಮತ್ತೆ 1.2. ಚಕ್ರದ ತ್ರಿಜ್ಯ 30 ಸೆಂ.ಮೀ. ಆದ್ದರಿಂದ ಅದರ ಅಂಚು ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಸುಮ್ಮನೆ ಅಲುಗಾಡಬೇಕು. ಕಲ್ಲು ತೆಗೆದು ಬಲ ಚಕ್ರವನ್ನು ಕೈಯಿಂದ ಅಲುಗಾಡಿಸಿದಾಗ ಆಕ್ಸಲ್ ಮಿಸುಕುವ ಮುನ್ನ ಅಂಚು ಅಷ್ಟೇ ಸರಿದಾಡಿತು. “ಸರಿಯಾಗ್ ಬಂತು ತಾತ,” ಎಂದ ಹುಡುಗ.

ಒಂದು ಮೊಳೆಯ ಕಥೆ

ಹಲವು ಟಿಲ್ಲರುಗಳಲ್ಲಿ ಆಕ್ಸಲ್ ದುಂಡಗಿರುವುದಿಲ್ಲ, ಆರು ಮೂಲೆಯದಾಗಿರುತ್ತದೆ. ಹಬ್ಬಿನ ರಂಧ್ರಕ್ಕೂ ಆರು ಮೂಲೆ. ಎರಡೂ ಕಚ್ಚಿಕೊಂಡು ತಿರುಗುತ್ತವೆ. ಹಬ್ಬು ಜಾರದಂತೆ ಅಡ್ಡಲಾಗಿ ಪಿನ್ನು. ಈ ಟಿಲ್ಲರಿನ ಬಲ ಹಬ್ಬು ಕಳಚಿದಾಗ ರಂಧ್ರದ ಮೂಲೆಗಳು ಉರುಟಾಗಿದ್ದವು. ಸಡಿಲ ತುಂಬಲು ಯಾರೋ ಹಿಂದೆ ತುರುಕಿದ್ದ ಡಬ್ಬಿಯ ತಗಡು ನುಚ್ಚುನೂರಾಗಿತ್ತು. ಪಿನ್ನಿನ ಜಾಗದಲ್ಲಿ ಇದ್ದದ್ದು ಒಂದು ಮೊಳೆ.

“ಹೋದ್ವರ್ಸ ಪಿನ್ನು ಮುರ್ದೋಗಿತ್ತು. ಗದ್ದೇಲಿ ಎಲ್ಲಿ ತರಾದು, ಮೊಳೆ ಹೊಡ್ದೆ,” ಎಂದರು ರೈತರು.

ಮೊಳೆ ಮೆತು ಕಬ್ಬಿಣ. ಅದು ಸವೆದದ್ದರಿಂದ ಹಬ್ಬು ಅಲುಗಾಡಿತು. ಅಲುಗಾಟಕ್ಕೆ ಹಬ್ಬಿನ ಮೂಲೆಗಳು ಸವೆದವು. ಚಕ್ರದ ಪೆಟ್ಟಿಗೆ ಆಕ್ಸಲ್ ನಡುಗಿ, ಅದರ ಸುತ್ತಲಿನ ರಬ್ಬರಿನ ಆಯಿಲ್ ಸೀಲಿನ ತುಟಿ ಹರಿಯಿತು. ಆ ಸಂದಿನಿಂದ ಗದ್ದೆಯ ಕೆಸರುನೀರು ಗೇರ್‌ಬಾಕ್ಸಿನೊಳಗೆ ಇಳಿಯಿತು. ಕೆಳಗಿನ ಬೋಲ್ಟ್ ಬಿಚ್ಚಿ ಎಣ್ಣೆ ಹರಿಸಿದಾಗ ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ನೀರು ಸೇರಿರುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅಯಸ್ಕಾಂತ ಅದ್ದಿ ತೆಗೆದಾಗ ಅಂಟಿದ್ದು ಹಿಟ್ಟಿನಂಥ ನುಣ್ಣನೆಯ ಪುಡಿ. ಅದು ಸಾಮಾನ್ಯ ಸವೆತ. ಚೂರುಗಳು ಅಂಟಿದ್ದರೆ ಹಲ್ಲು ಮುರಿದಿದೆ ಎಂದು ತಿಳಿದು, ಗೇರ್‌ಬಾಕ್ಸ್ ಬಿಚ್ಚಲೇಬೇಕಾಗುತ್ತಿತ್ತು.

ಹೊಸ ಹಬ್ಬು, ಸರಿಯಾದ ಪಿನ್ನು, ಹೊಸ ಸೀಲು ಬಂದವು. ಆಕ್ಸಲಿನ ಮೂಲೆಗಳನ್ನು ಕ್ಯಾಲಿಪರಿನಿಂದ ಅಳೆದು, ಅವು ಗಟ್ಟಿಯಾಗಿವೆ ಎಂದು ಖಚಿತಪಡಿಸಿಕೊಂಡದ್ದಾಯಿತು. ಗೇರ್‌ಬಾಕ್ಸನ್ನು ಡೀಸೆಲ್ಲಿನಲ್ಲಿ ತೊಳೆದು ಹೊಸ ಎಣ್ಣೆ ತುಂಬಿದರು. ಮತ್ತೆ ಸೀಮೆಸುಣ್ಣದ ಪರೀಕ್ಷೆ ಮಾಡಿದಾಗ ಎಡಕ್ಕೂ ಬಲಕ್ಕೂ ಹೆಚ್ಚು ವ್ಯತ್ಯಾಸ ಉಳಿದಿರಲಿಲ್ಲ. ಸಂಜೆಗೆ ಟಿಲ್ಲರ್ ಗೂಡ್ಸ್ ಗಾಡಿ ಏರಿತು. ಆದರೆ ಮೇಸ್ತ್ರಿ ಒಂದು ಮಾತು ಹೇಳಿ ಕಳಿಸಿದರು: “ನೀರ್ ಕುಡ್ದಿರೋ ಬೇರಿಂಗು. ನಾಟಿ ಮುಗಿಸ್ಕಳಿ. ಸುಗ್ಗಿ ಆದ್ಮೇಲೆ ತನ್ನಿ, ಬಿಚ್ಚಿ ನೋಡುವ.” ಈ ವರ್ಷದ ನಾಟಿ ಉಳಿಯಿತು, ಒಂದು ಮೊಳೆಯ ಲೆಕ್ಕ ಇನ್ನೂ ಪೂರ್ತಿ ತೀರಿಲ್ಲ.

ಹಲ್ಲಿನ ಗಟ್ಟಿ ಚರ್ಮ

ಸವೆದ ಗೇರಿನ ಹಲ್ಲಿಗೆ ವೆಲ್ಡಿಂಗ್ ಮಾಡಿ ಉಜ್ಜಿ ಕೊಡಬಾರದೇ ಎಂದು ಕೇಳುವವರುಂಟು. ಗೇರಿನ ಹಲ್ಲಿನ ಹೊರಪದರವನ್ನು ಕಾಯಿಸಿ, ಇಂಗಾಲ ಸೇರಿಸಿ, ತಣಿಸಿ ಗಟ್ಟಿ ಮಾಡಿರುತ್ತಾರೆ. ಒಳಗಿನ ಉಕ್ಕು ಮಾತ್ರ ಪೆಟ್ಟು ತಾಳುವಷ್ಟು ಮೆದುವಾಗಿರುತ್ತದೆ. ಹೊರಗೆ ಗಟ್ಟಿ ಚರ್ಮ, ಒಳಗೆ ತಾಳುವ ಮಾಂಸ. ವೆಲ್ಡಿಂಗಿನ ಬಿಸಿಗೆ ಆ ಚರ್ಮದ ಗಟ್ಟಿತನ ಹೋಗುತ್ತದೆ. ಅಂಥ ಹಲ್ಲು ಬೇಗ ಸವೆಯುತ್ತದೆ, ಇಲ್ಲವೇ ಮುರಿದು ಉಳಿದ ಗೇರುಗಳನ್ನೂ ಕೆಡಿಸುತ್ತದೆ.

ಈ ವಿದ್ಯೆಯ ದೊಡ್ಡ ರೂಪ ವಿಜಯನಗರದಿಂದ ದೂರದಲ್ಲೇನೂ ಇಲ್ಲ. ಹುಣಸೂರು ರಸ್ತೆಯಲ್ಲಿ ಹಿನಕಲ್ ದಾಟಿದರೆ ಹೂಟಗಳ್ಳಿ ಕೈಗಾರಿಕಾ ಪ್ರದೇಶ. 1981ರಲ್ಲಿ ಸ್ಥಾಪನೆಯಾದ ಆಟೋಮೋಟಿವ್ ಆಕ್ಸಲ್ಸ್ ಕಾರ್ಖಾನೆ ಇರುವುದು ಇಲ್ಲಿ. ಲಾರಿ, ಬಸ್ಸುಗಳ ಚಕ್ರ ತಿರುಗಿಸುವ ಆಕ್ಸಲುಗಳು ಇಲ್ಲಿ ತಯಾರಾಗುತ್ತವೆ. ಇಂಥ ಆಕ್ಸಲಿನ ಹೊಟ್ಟೆಯಲ್ಲಿರುವ ಕ್ರೌನ್ ವೀಲ್ ಮತ್ತು ಪಿನಿಯನ್ ಶಕ್ತಿಯನ್ನು ಲಂಬಕೋನದಲ್ಲಿ ತಿರುಗಿಸಿ ಚಕ್ರಗಳಿಗೆ ಹಂಚುತ್ತವೆ. ಅವನ್ನು ಜೋಡಿಯಾಗಿಯೇ ಹೊಂದಿಸಿರುವುದರಿಂದ ಬದಲಿಸುವಾಗಲೂ ಜೋಡಿಯಾಗಿಯೇ ಬದಲಿಸಬೇಕು.

ಪೂರ್ವದ ಯಾದವಗಿರಿಯದು ಇನ್ನೊಂದು ಅಧ್ಯಾಯ. 1961ರಿಂದ ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ, ಆಮೇಲೆ ಯೆಜ್ದಿ ಮೋಟಾರ್ ಸೈಕಲ್ಲುಗಳು ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಆ ಗಾಡಿಗಳನ್ನು ಮೈಸೂರಿನ ರಸ್ತೆಗಳಲ್ಲಿ ಇಂದಿಗೂ ನೋಡಬಹುದು. ಹಳೆಯ ಜಾವಾದ ಸರಪಳಿ ಪೂರ್ತಿಯಾಗಿ ಒಂದು ಮುಚ್ಚಿದ ಗೂಡಿನೊಳಗೆ ಓಡುತ್ತದೆ. ಧೂಳು, ಮಣ್ಣು ಒಳಗೆ ಹೋಗದಿದ್ದರೆ ಸರಪಳಿಯ ಅರ್ಧ ಶತ್ರು ಹೊರಗೇ ನಿಂತಂತೆ. ಟಿಲ್ಲರಿನ ಆಯಿಲ್ ಸೀಲ್ ಮಾಡುವುದೂ ಇದೇ ಕಾವಲು ಕೆಲಸ.

ಅಡಿಕೋಲಿನ ಪರೀಕ್ಷೆ

ಟಿಲ್ಲರ್ ಇಲ್ಲದ ಮನೆಯ ಮಕ್ಕಳು ಸೈಕಲ್ಲಿನ ಮೇಲೆ ಇದೇ ಬಗೆಯ ಪರೀಕ್ಷೆ ನಡೆಸಬಹುದು. ಸೈಕಲ್ ಸರಪಳಿಯ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್. ಆದ್ದರಿಂದ ಒಂದು ಪಿನ್ನಿನ ನಡುಬಿಂದುವಿಗೆ ಅಡಿಕೋಲಿನ ಸೊನ್ನೆ ಹಿಡಿದರೆ 12ನೆಯ ಅಂಗುಲದ ಗೆರೆ ಇನ್ನೊಂದು ಪಿನ್ನಿನ ನಡುಬಿಂದುವಿನ ಮೇಲೆ ಬೀಳಬೇಕು. ಪಿನ್ನು ಗೆರೆಯನ್ನು ಒಂದೂವರೆ ಮಿಲಿಮೀಟರ್ ದಾಟಿದ್ದರೆ ಸರಪಳಿ ಬದಲಿಸುವ ಕಾಲ ಬಂದಿದೆ. 3 ಮಿಲಿಮೀಟರ್ ದಾಟಿದ್ದರೆ ಹಲ್ಲುಚಕ್ರವೂ ಕೆಟ್ಟಿರುವ ಸಂಭವ ಹೆಚ್ಚು. ‘ಸರಪಳಿ ಹಿಗ್ಗಿದೆ’ ಎನ್ನುವುದು ರೂಢಿಯ ಮಾತು. ನಿಜಕ್ಕೂ ಉಕ್ಕು ಹಿಗ್ಗಿರುವುದಿಲ್ಲ. ಒಂದೊಂದು ಪಿನ್ನೂ ಅದರ ಗೂಡೂ ಸ್ವಲ್ಪ ಸ್ವಲ್ಪವೇ ಸವೆದು, ಆ ಸವೆತಗಳೆಲ್ಲ ಕೂಡಿ ಉದ್ದವಾಗಿ ಕಾಣುತ್ತವೆ.

ಪರೀಕ್ಷೆ ಮಾಡುವ ಮಕ್ಕಳಿಗೆ ಹಿರಿಯರು ಎರಡು ಎಚ್ಚರಿಕೆ ಹೇಳಲೇಬೇಕು. ಎಂಜಿನ್ ನಡೆಯುತ್ತಿರುವಾಗ ಬೆಲ್ಟು, ಸರಪಳಿಗಳ ಹತ್ತಿರ ಕೈ, ಸೆರಗು, ದುಪಟ್ಟಾ ಹೋಗಕೂಡದು. ಟಿಲ್ಲರನ್ನು ಹಿಂದಕ್ಕೆ ನಡೆಸುವಾಗ ರೋಟರಿ ತಿರುಗುತ್ತಿರಬಾರದು. ಅದರ ಅಲಗುಗಳಿರುವುದು ನಡೆಸುವವನ ಕಾಲಿನ ಬಳಿ.

ವಿಜಯನಗರದ ಆಸುಪಾಸಿನಲ್ಲಿ ಕಾಲೇಜುಗಳಿಗೂ ಕೊರತೆಯಿಲ್ಲ. 1963ರಲ್ಲಿ ಆರಂಭವಾದ ಎಸ್.ಜೆ.ಸಿ.ಇ. ಎಂಜಿನಿಯರಿಂಗ್ ಕಾಲೇಜು ಇಲ್ಲಿಗೆ ಹತ್ತಿರ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐ.ಟಿ.ಐ.ಗಳಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್ ತರಬೇತಿಯೂ ಉಂಟು. ಮಗ ಅಥವಾ ಮಗಳು ಎರಡರಲ್ಲಿ ಯಾವ ದಾರಿ ಹಿಡಿದರೂ ಒಂದು ಮಧ್ಯಾಹ್ನ ಇಂಥ ಷೆಡ್ಡಿನಲ್ಲಿ ನಿಂತು ನೋಡುವುದು ವ್ಯರ್ಥವಲ್ಲ. ಮೊದಲು ಕೇಳುವುದು, ಆಮೇಲೆ ಅಳೆಯುವುದು, ಕೊನೆಗೆ ಬಿಚ್ಚುವುದು ಎಂಬ ಕ್ರಮ ಪಠ್ಯಪುಸ್ತಕದಲ್ಲೂ ಇದೆ. ಆದರೆ ಒಟ್ಟಲಲ್ಲಿ ಪೈರು ಕಾಯುತ್ತಿರುವಾಗಲೂ ಆ ಕ್ರಮ ತಪ್ಪದಿರುವುದನ್ನು ಕಲಿಯಲು ಷೆಡ್ಡಿಗೇ ಬರಬೇಕು.

ಮೈಸೂರು ನಗರ ಬಸ್ ನಿಲ್ದಾಣದಿಂದ ವಿಜಯನಗರಕ್ಕೂ ಹಿನಕಲ್ ಕಡೆಗೂ ಸಿಟಿ ಬಸ್ಸುಗಳಿವೆ. ಹೊರಡುವ ಮುನ್ನ ಕೆ.ಆರ್.ಎಸ್. ರಸ್ತೆಯಲ್ಲಿ, ರೈಲು ನಿಲ್ದಾಣದ ಸಮೀಪ, 1979ರಲ್ಲಿ ಸ್ಥಾಪನೆಯಾದ ರೈಲು ವಸ್ತುಸಂಗ್ರಹಾಲಯಕ್ಕೆ ಹೋದರೆ ಒಳ್ಳೆಯದು. ಅಲ್ಲಿನ ಉಗಿಬಂಡಿಗಳಲ್ಲಿ ಪಿಸ್ಟನ್ನಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಕಂಬಿಗಳು ಹೊರಗೇ ಕಾಣುತ್ತವೆ. ಮುಚ್ಚಿದ ಪೆಟ್ಟಿಗೆಯೊಳಗೆ ನಡೆಯುವುದನ್ನು ಊಹಿಸುವ ಮೊದಲು, ತೆರೆದಿರುವುದನ್ನು ಕಣ್ಣಾರೆ ನೋಡಿದರೆ ಮಕ್ಕಳಿಗೆ ವಿಷಯ ಬೇಗ ಹತ್ತುತ್ತದೆ.